ಶರೀಫರ ಪದ, ಪೇಟಿ ಮತ್ತು ಗಿಟಾರ್

2008ರಲ್ಲಿ ಗಾಯಕ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ತಮ್ಮ ರಚನೆಗಳ ಜೊತೆಗೆ ಶಿಶುನಾಳ ಶರೀಫರ ಪದಗಳನ್ನೂ ಹಾಡಿದರು. ಬೇರೆ ಬೇರೆ ಸಂಗೀತದ ಕಲಾವಿದರು ಬಂದು ಕೂಡಿಕೊಳ್ಳುವ ತಂಡ ಅವರದು. ಏಕತಾರಿ, ದಮ್ಮಡಿಗೆ ಒಗ್ಗಿದ ತತ್ವಪದಕ್ಕೆ ಗಿಟಾರ್ ಕಟ್ಟುವುದು ಅಪಚಾರವೆಂಬ ಆಕ್ಷೇಪ ಸಹಜ. ಆದರೆ 1819ರಿಂದ 1889ರವರೆಗೆ ಬದುಕಿದ ಶರೀಫರು ಸ್ವರಲಿಪಿ ಬರೆದಿಟ್ಟವರಲ್ಲ; ಹಾಡಿದವರೆಲ್ಲ ಪದವನ್ನು ತಮ್ಮ ಕೊರಳಿಗೆ ಹೊಂದಿಸಿಕೊಂಡೇ ಉಳಿಸಿದರು. ಗಡಿನಾಡಾದ ಬೋರಗಾಂವ, ನಿಪ್ಪಾಣಿ, ಚಿಕ್ಕೋಡಿ ಸೀಮೆಯ ಭಜನಾ ಮೇಳವನ್ನೇ ನೋಡಿ. ಒಬ್ಬರು ಪಲ್ಲವಿ ಎತ್ತುತ್ತಾರೆ, ಹಿಮ್ಮೇಳ ಅದನ್ನು ತಿರುಗಿ ಹಾಡುತ್ತದೆ, ನುಡಿ ಮುಗಿದ ತೆರವಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು ತಮಗೆ ತೋಚಿದ ಒಂದು ಸುತ್ತು ನುಡಿಸಿ ಬರುತ್ತಾರೆ, ಕೊನೆಗೆ ತಾಳ ಬಿರುಸಾಗುತ್ತದೆ. ಆ ಪೇಟಿಯಾದರೂ ಯುರೋಪಿನದು! ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಷ್ಟೇ ನಿಷೇಧ ಸಡಿಲಿಸಿತು. ಊರ ಗುಡಿಗೆ ಆ ಮಡಿ ಇರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಧ್ವನಿಮುದ್ರಣವಾದ ಪದ ಹೆಪ್ಪುಗಟ್ಟುತ್ತದೆ. ನಿಜ. ಗಾಯಕ ಸಿ. ಅಶ್ವಥ್ ಹಾಡಿದ ಧಾಟಿಯೇ ಶರೀಫರ ಧಾಟಿ ಎಂದುಕೊಂಡವರು ಬೇಕಾದಷ್ಟು ಮಂದಿ. ಹಾಗೆಂದು ಮುದ್ರಣ ಬೇಡವೆನ್ನಲಾಗದು. ಒಂದೇ ಧಾಟಿ ಗಟ್ಟಿಯಾಗದಿರಲು ಎರಡನೆಯದು, ಮೂರನೆಯದು ಬೇಕು. ದೀಕ್ಷಿತರ ಗಿಟಾರ್ ಮಾಡಿದ್ದು ಈ ಉಪಕಾರವನ್ನು. ಆದರೂ ಆಲ್ಬಮ್ಮಿನಲ್ಲಿ ಪದ ಕೆಲವೇ ನಿಮಿಷಕ್ಕೆ ಮುಗಿಯಲೇಬೇಕು. ಮೇಳದಲ್ಲಿ ಒಂದು ನುಡಿಯನ್ನೇ ಅಷ್ಟು ಹೊತ್ತು ಹಿಗ್ಗಿಸಬಹುದು. ಆಲ್ಬಮ್ ಮೆಚ್ಚಿದವರು ಗಡಿನಾಡಿನ ಒಂದು ಅಹೋರಾತ್ರಿ ಭಜನೆಗೂ ಕಿವಿಗೊಡಲಿ.