ಮನೆಯಲ್ಲಿ ಕಟ್ಟುವ ಲೋಹದ ಹಕ್ಕಿ

2004ರಲ್ಲಿ ಅಮೆರಿಕವು ಲಘು ಕ್ರೀಡಾ ವಿಮಾನಗಳಿಗೆಂದು ಪ್ರತ್ಯೇಕ ನಿಯಮಗಳನ್ನು ಜಾರಿಗೆ ತಂದಿತು. ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲಿಯೇ ಅಲ್ಯೂಮಿನಿಯಂ ವಿಮಾನ ಕಟ್ಟಬಯಸಿದ ಹವ್ಯಾಸಿಗಳನ್ನು ಆಗ ಬಹುವಾಗಿ ಆಕರ್ಷಿಸಿದ್ದು ಕ್ರಿಸ್ ಹೈಂಟ್ಸ್ ವಿನ್ಯಾಸದ ಎರಡು ಆಸನಗಳ ಜೋಡಿಯಾಕ್ 601 ಎಕ್ಸ್‌ಎಲ್. ಒಂದೇ ಬದಿಯಿಂದ ಎಳೆದು ಬಿಗಿಯುವ ರಿವೆಟ್‌ಗಳಿಂದಾಗಿ ಅದರ ಜೋಡಣೆ ಸುಲಭವಾಗಿತ್ತು.

ಆದರೆ ಅಂತಹ ಕೆಲವು ವಿಮಾನಗಳು ಹಾರುತ್ತಿರುವಾಗಲೇ ಮುರಿದುಬಿದ್ದು ಪ್ರಾಣಹಾನಿಯಾಯಿತು. ರೆಕ್ಕೆಯ ಹಿಂಬದಿಯಲ್ಲಿ ಮೇಲೆ-ಕೆಳಗೆ ಆಡುವ ಏಲೆರಾನ್ ಎಂಬ ಪಟ್ಟಿಗಳ ಕಂಪನವನ್ನು ಶಂಕಿಸಿದ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯು, 2009ರ ಏಪ್ರಿಲ್‌ನಲ್ಲಿ ಅವುಗಳ ಹಾರಾಟವನ್ನು ನಿಲ್ಲಿಸುವಂತೆ ಶಿಫಾರಸು ಮಾಡಿತು. ಬಳಿಕ ರೆಕ್ಕೆಗಳನ್ನು ಬಲಪಡಿಸಿ, ಏಲೆರಾನ್‌ಗಳಿಗೆ ಸಮತೋಲನದ ತೂಕ ಸೇರಿಸುವ ಮಾರ್ಪಾಡು ಬಂದಿತು.

ವಿದ್ಯಾರ್ಥಿಮಿತ್ರರೇ, ಕಿಟ್ ಆರಿಸುವವರು ಬೆಲೆಯನ್ನೂ ಜೋಡಣೆಯ ಸೌಲಭ್ಯವನ್ನೂ ನೋಡಿದರಷ್ಟೇ ಸಾಲದು. ಆ ವಿನ್ಯಾಸದ ಅಪಘಾತಗಳ ಚರಿತ್ರೆಯನ್ನೂ ತದನಂತರದ ತಿದ್ದುಪಡಿಗಳನ್ನೂ ಮೊದಲು ಓದಬೇಕು. ಚರಿತ್ರೆಯ ಅಧ್ಯಯನ ಪ್ರಾಣವನ್ನೂ ಉಳಿಸಬಲ್ಲದು.