ನೆಲದೊಳಗಿನ ಕೋಣೆ: ಹಗೇವಿನಿಂದ ಬೇಸ್‌ಮೆಂಟಿನವರೆಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಂಥ ನಮ್ಮ ಊರುಗಳಲ್ಲಿಯೂ ನಿವೇಶನದ ಬೆಲೆ ಏರಿದಂತೆ, ಮನೆ ಕಟ್ಟಿಸುವವರು ನೆಲದ ಕೆಳಗೆ ಒಂದು ಕೋಣೆಯನ್ನು ಅಗೆಯಿಸುವುದು ರೂಢಿಗೆ ಬರುತ್ತಿದೆ. ಎಲ್ಲರೂ ‘ಬೇಸ್‌ಮೆಂಟ್’ ಎಂದೇ ಕರೆಯುವ ಈ ಕೋಣೆ ಮೊದಲ ಮಳೆಗಾಲ ಮುಗಿಯುವುದರೊಳಗೆ ತನ್ನ ಗುಣವನ್ನು ತೋರಿಸುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಅರಳುತ್ತದೆ. ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಟ್ರಂಕಿನೊಳಗಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಇದು ಹೊಸ ಕಾಲದ ಪೀಡೆಯೆಂದು ಹಲವರು ಭಾವಿಸಿದ್ದಾರೆ. ಆದರೆ ನೆಲದೊಳಗೆ ಕೋಣೆ ತೋಡುವ ವಿದ್ಯೆಯೂ, ಅಲ್ಲಿಯ ತೇವ ಮತ್ತು ಕೆಟ್ಟ ಗಾಳಿಗಳನ್ನು ಗೆಲ್ಲುವ ವಿದ್ಯೆಯೂ ಈ ನಾಡಿಗೆ ಬಹಳ ಹಳೆಯವು. ಆ ವಿದ್ಯೆಯ ಮೊದಲ ಪಾಠಶಾಲೆ ಹಗೇವು.

ನೆಲದಲ್ಲಿ ತೋಡಿದ ಧಾನ್ಯದ ಉಗ್ರಾಣಕ್ಕೆ ಹಗೇವು ಎಂದು ಹೆಸರು. ಹಗೆ ಎಂದೂ ಹೇಳುವುದುಂಟು. ವೈರಕ್ಕೂ ಉಗ್ರಾಣಕ್ಕೂ ಒಂದೇ ಮಾತು ಹೇಗೆ ಬಂತೆಂದು ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು. ಮರಾಠಿಯಲ್ಲಿ ಇದು ಪೇವ, ತೆಲುಗಿನಲ್ಲಿ ಪಾತರ. ಆದವಾನಿ, ರಾಯದುರ್ಗಗಳ ಕನ್ನಡಿಗರಿಗೆ ಎರಡನೆಯ ಮಾತು ಪರಿಚಿತವಾದರೆ, ನಮಗೆ ಮೊದಲನೆಯದು. ಯಾವುದಾದರೂ ಒಂದು ವಸ್ತು ಊರ ತುಂಬ ಒಮ್ಮೆಲೇ ಹಬ್ಬಿದರೆ ಅದರ ‘ಪೇವ ಒಡೆಯಿತು’ ಎಂದು ಮರಾಠಿಗರು ಇಂದಿಗೂ ಆಡಿಕೊಳ್ಳುತ್ತಾರೆ. ಮೈಸೂರು ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಊರುಗಳಲ್ಲಿಯೂ ಹಗೇವಿನಲ್ಲಿ ರಾಗಿಯಿದ್ದರೆ, ಭೀಮಾ ತೀರದಲ್ಲಿ ಬಿಳಿಜೋಳ. ಗಡಿಗಳು ಭಾಷೆಯನ್ನು ಹಂಚಿದವೇ ಹೊರತು ಈ ಗುಂಡಿಯನ್ನು ಹಂಚಲಿಲ್ಲ.

ಹಗೇವಿನ ಜಾಣ್ಮೆ ಗುದ್ದಲಿಗಿಂತ ಮೊದಲು ಜಾಗದ ಆಯ್ಕೆಯಲ್ಲಿತ್ತು. ಎರೆ ಭೂಮಿ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಆ ಬಿರುಕುಗಳೇ ನೀರಿಗೆ ದಾರಿ. ಆದ್ದರಿಂದ ಎರೆಮಣ್ಣಿನಲ್ಲಿ ಯಾರೂ ಹಗೇವು ತೋಡುತ್ತಿರಲಿಲ್ಲ. ಊರೊಳಗೆ ಅಥವಾ ಅಗಸಿಯ ಹತ್ತಿರ, ನೀರು ನಿಲ್ಲದ ಎತ್ತರದ, ಗಟ್ಟಿ ಗರಸಿನ ನೆಲವನ್ನು ಹುಡುಕುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಗೋಡೆಯ ಹಸಿಯನ್ನು ಆರಿಸುತ್ತಿದ್ದರು. ತಳಕ್ಕೂ ಸುತ್ತಲಿಗೂ ಒಣಹುಲ್ಲು, ಕಣಿಕೆಗಳ ದಪ್ಪ ಹಾಸು. ಅದರ ನಡುವೆ ಚೆನ್ನಾಗಿ ಬಿಸಿಲುಂಡ ಕಾಳು. ಬಾಯಿಗೆ ಚಪ್ಪಡಿ ಎಳೆದು, ಸಂದುಗಳಿಗೆ ಮಣ್ಣು ಮೆತ್ತಿ, ಮಳೆಯ ನೀರು ಹರಿದುಹೋಗುವಂತೆ ಮೇಲೆ ಮಣ್ಣಿನ ದಿಬ್ಬ ಏರಿಸುತ್ತಿದ್ದರು.

ಇಲ್ಲಿ ಗಾಳಿಯಾಡಿಸುವ ಮಾತೇ ಇಲ್ಲ. ಒಳಗಿನ ಕಾಳು ಉಸಿರಾಡುತ್ತದೆ, ಹುಳುಗಳೂ ಉಸಿರಾಡುತ್ತವೆ. ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ಔಷಧದ ಪುಡಿಯಿಲ್ಲದೆ ಧಾನ್ಯವನ್ನು ವರ್ಷಗಟ್ಟಲೆ ಕಾಯ್ದದ್ದು ಈ ಮುಚ್ಚಿದ ಗಾಳಿಯೇ. ತೇವ ಒಂದೇ ಅದರ ಶತ್ರು. ನೂರಕ್ಕೆ 12–13 ಪಾಲಿಗಿಂತ ಹೆಚ್ಚು ತೇವ ಉಳಿದ ಕಾಳು ಕಾವೇರಿ ಮುಗ್ಗುತ್ತದೆ. ಗೋಡೆಗೆ ತಗುಲಿದ ಅಂಚಿನ ಜೋಳ ಎಷ್ಟು ಹಾಸು ಹಾಕಿದರೂ ಸ್ವಲ್ಪ ಕಪ್ಪಾಗುತ್ತಿತ್ತು. ಆ ಮುಗ್ಗಿದ ಜೋಳ ಅನೇಕ ಕಡೆ ಕೂಲಿಯ ರೂಪದಲ್ಲಿ ಬಡವರ ಒಲೆಗೆ ಹೋಗುತ್ತಿತ್ತೆಂಬುದನ್ನು, ಹಗೇವನ್ನು ಹೊಗಳುವಾಗ ಮರೆಯಬಾರದು.

ಇನ್ನೂ ಕಠೋರವಾದ ಸಂಗತಿಯೊಂದಿದೆ. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಭಾರ. ಚಪ್ಪಡಿ ತೆಗೆದರೂ ಅದು ಮೇಲೇಳದೆ ಗುಂಡಿಯಲ್ಲಿಯೇ ಕುಳಿತಿರುತ್ತದೆ. ಅವಸರದಿಂದ ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನ ಗತಿಯೂ ಅದೇ. ಇದನ್ನು ಭೂತದ ಕಾಟವೆಂದು ನಂಬಿದವರೂ ಇದ್ದರು. ಆದರೆ ಬಲ್ಲವರು ಬಾಯಿ ತೆರೆದು ದಿನವಿಡೀ ಹಾಗೆಯೇ ಬಿಟ್ಟು, ಅನಂತರ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು. ಗಾಳಿಯಲ್ಲಿ ಸಹಜವಾಗಿ ನೂರಕ್ಕೆ 21 ಪಾಲು ಇರುವ ಆಮ್ಲಜನಕ ಸುಮಾರು 16ಕ್ಕೆ ಇಳಿದಾಗ ದೀಪ ನಂದುತ್ತದೆ. 10ಕ್ಕಿಂತ ಕೆಳಗಾದರೆ ಮನುಷ್ಯ ಬೇಗನೆ ಪ್ರಜ್ಞೆ ತಪ್ಪುತ್ತಾನೆ. ಶಾಲೆಯಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ನಾವು ತೋರಿಸುವ ಪ್ರಯೋಗವನ್ನು ನಿರಕ್ಷರಸ್ಥ ರೈತನು ಪ್ರಾಣ ಪಣವಿಟ್ಟು ಕಲಿತಿದ್ದನು. ಪಣವಿಟ್ಟದ್ದು ಯಾರ ಪ್ರಾಣ ಎಂಬುದು ಬೇರೆ ಮಾತು. ಇಳಿಯುತ್ತಿದ್ದವನು ಸಾಮಾನ್ಯವಾಗಿ ಧಾನ್ಯದ ಒಡೆಯನಲ್ಲ, ಅವನ ಆಳು.

ಇದೇ ದೀಪವನ್ನು ನಮ್ಮ ಕಾಸರಗೋಡಿನ ಬಂಧುಗಳು ಬೇರೊಂದು ಕೆಲಸದಲ್ಲಿ ಬಲ್ಲರು. ಅಲ್ಲಿಯ ಗುಡ್ಡಗಳ ಮುರಕಲ್ಲಿನಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆಯುವ ಸುರಂಗಗಳಲ್ಲಿ, ಒಳಗಿನ ಗಾಳಿಯನ್ನು ಅಳೆಯಲು ಕೊರೆಯುವವನ ಬಳಿ ಉರಿಯುವ ದೀಪವಿರುತ್ತದೆ. ಸುರಂಗ ಉದ್ದವಾದಾಗ ಮೇಲಿನಿಂದ ನೇರವಾಗಿ ಗಾಳಿಕಿಂಡಿ ತೋಡುವುದೂ ಉಂಟು. ಬೀದರಿನ ನೌಬಾದಿನಲ್ಲಿರುವ, ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆಗೂ ಅಂತಹ ಬಾವಿಯಂಥ ಕಿಂಡಿಗಳ ಸಾಲಿದೆ. ಮನುಷ್ಯ ಇಳಿಯಬೇಕಾದ ಕಡೆ ಗಾಳಿ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕೆಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ತೇವವನ್ನು ಕಟ್ಟಡದಲ್ಲಿ ಗೆದ್ದ ಪರಿಯನ್ನು ಕಾಣಬೇಕಾದರೆ ನಳದುರ್ಗಕ್ಕೆ ಹೋಗಬೇಕು. ಸೊಲ್ಲಾಪುರದಿಂದ ಹೈದರಾಬಾದಿನ ಹಾದಿಯಲ್ಲಿ ಹೋದರೆ ಒಂದು ಗಂಟೆಯ ಪ್ರಯಾಣ. ಅಲ್ಲಿ ಬೋರಿ ನದಿಗೆ ಕಟ್ಟಿದ ಕಲ್ಲಿನ ಒಡ್ಡು ನಳದುರ್ಗ ಕೋಟೆಯನ್ನು ಎದುರಿನ ರಣಮಂಡಳಕ್ಕೆ ಜೋಡಿಸುತ್ತದೆ. ಆ ಒಡ್ಡಿನ ಹೊಟ್ಟೆಯೊಳಗೆ ಒಂದು ಮಹಲಿದೆ. ಅದೇ ಪಾಣಿ ಮಹಲ್. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರ ಸುಮಾರಿಗೆ ಕಟ್ಟಿದ್ದು. ಬೆನ್ನ ಹಿಂದೆ ನಿಂತ ಜಲರಾಶಿ, ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ಧುಮುಕುವ ನರ ಮತ್ತು ಮಾದಿ ಎಂಬ ಎರಡು ಧಾರೆಗಳು; ನಡುವಿನ ಕೋಣೆಯಲ್ಲಿ ನಿಂತವನು ಅದನ್ನು ನೆನೆಯದೆ ನೋಡಬಹುದು.

ಇದರ ಗುಟ್ಟು ಮಂತ್ರವಲ್ಲ. ನೀರು ಗೋಡೆಗೆ ಬಂದ ಮೇಲೆ ತಡೆಯುವುದಕ್ಕಿಂತ ಅದಕ್ಕೆ ಹೋಗಲು ಬೇರೆ ದಾರಿ ತೆರೆದಿಡುವುದು ಮೊದಲನೆಯದು; ಆ ಎರಡು ಧಾರೆಗಳು ಅದಕ್ಕಾಗಿಯೇ ಇವೆ. ನೀರಿನ ಕಡೆಗೆ ದಪ್ಪನೆಯ ಕುರುಡು ಗೋಡೆ, ತೆರೆದ ಕಣಿವೆಯ ಕಡೆಗೆ ಬೆಳಕು ಗಾಳಿಗಳಿಗೆ ಕಮಾನಿನ ಕಿಟಕಿ, ಇದು ಎರಡನೆಯದು. ಮೂರನೆಯದು ಗಚ್ಚು. ದಖ್ಖನಿನ ಶಿಲ್ಪಿಗಳು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ, ಗಾಣದಲ್ಲಿ ಅರೆದು, ನೀರಿನಲ್ಲಿಯೂ ಗಟ್ಟಿಯಾಗುವ ಗಾರೆ ಮಾಡುತ್ತಿದ್ದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವುದೂ ಇತ್ತು. 1853ರಲ್ಲಿ ನಿಜಾಮನಿಂದ ಕಂಪನಿಯ ಆಡಳಿತಕ್ಕೆ ಬಂದ ನಳದುರ್ಗ ಜಿಲ್ಲೆಗೆ ಅಧಿಕಾರಿಯಾಗಿ ಬಂದವನು ಮೆಡೋಸ್ ಟೇಲರ್. ಸುರಪುರದ ಇತಿಹಾಸ ಬಲ್ಲ ಕನ್ನಡಿಗರಿಗೆ ಈತನ ಪರಿಚಯ ಹೇಳಬೇಕಾಗಿಲ್ಲ.

ನಮ್ಮ ವಾಡೆಗಳ ನೆಲಮಾಳಿಗೆಗಳು ಅಷ್ಟು ಭವ್ಯವಲ್ಲ. ಆದರೂ ನೆಲಮಟ್ಟಕ್ಕಿಂತ ಸ್ವಲ್ಪ ಮೇಲೆ, ಎದುರುಬದುರು ಗೋಡೆಗಳಲ್ಲಿ ಸಣ್ಣ ಕಿಂಡಿಗಳನ್ನಿಟ್ಟ ನೆಲಮಾಳಿಗೆಯಲ್ಲಿ ಬೇಸಗೆಯ ಮಧ್ಯಾಹ್ನ ಮಲಗಿದವರಿಗೆ ಅದರ ಸುಖ ಗೊತ್ತು. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಬಲದಲ್ಲಿ ಸುಣ್ಣವನ್ನು ಮೀರಿಸಿತು, ನಿಜ. ಆದರೆ ಹಳೆಯ ಕಲ್ಲು-ಮಣ್ಣಿನ ಗೋಡೆಗೆ ಒಳಗಿನಿಂದ ಸಿಮೆಂಟು ಮೆತ್ತಿದರೆ ತೇವ ಹೊರಬೀಳಲಾರದೆ ಗೋಡೆಯಲ್ಲಿಯೇ ಮೇಲೇರಿ, ಗಿಲಾವು ಮುಗಿದ ಕಡೆ ತಲೆಯೆತ್ತುತ್ತದೆ. ವಾಡೆಗಳ ಜೀರ್ಣೋದ್ಧಾರದಲ್ಲಿ ಇಂದು ನಡೆದಿರುವ ದೊಡ್ಡ ಅನರ್ಥ ಇದೇ ಎಂದು ನನ್ನ ಅಭಿಪ್ರಾಯ.

ಹಗೇವುಗಳು ಒಂದೇ ದಿನ ಮುಚ್ಚಿಹೋಗಲಿಲ್ಲ. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. ಮನೆ ಕಾಯುತ್ತಿದ್ದ ಜೋಳ ಪೇಟೆಯ ದಾರಿ ಹಿಡಿಯತೊಡಗಿತು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876–78ರ ಬರ, ಸೊಲ್ಲಾಪುರ ಮತ್ತು ಆಗಿನ ಕಲಾದಗಿ ಜಿಲ್ಲೆಗಳನ್ನು ಸುಟ್ಟಾಗ ಬರಿದಾದ ಹಗೇವುಗಳು ಮತ್ತೆ ಎಲ್ಲವೂ ತುಂಬಲಿಲ್ಲ. ಮುಂದೆ ಗೋಣಿಚೀಲ, ಗೋದಾಮು, ಪಡಿತರ ಅಂಗಡಿ ಬಂದವು. ಕಾಲುವೆಯ ನೀರು ಬಂದ ಕಡೆ ಕಬ್ಬು ಬೆಳೆದು ನೆಲದಡಿಯ ನೀರು ಮೇಲೆದ್ದಿತು. ಊರೊಳಗೆ ನಳ ಬಂದು ಬಚ್ಚಲಿನ ನೀರು ಇಂಗುಗುಂಡಿಗೆ ಇಳಿಯಿತು. ತಲೆಮಾರುಗಳ ಕಾಲ ಒಣಗಿದ್ದ ಗರಸು ಹೀಗೆ ಹಸಿಯಾಯಿತು. ಅಜ್ಜನ ಹಗೇವು ಒಣಗಿತ್ತು, ಪಕ್ಕದಲ್ಲಿಯೇ ತೋಡಿದ ಮೊಮ್ಮಗನ ಬೇಸ್‌ಮೆಂಟು ಏಕೆ ಜಿನುಗುತ್ತದೆ ಎನ್ನುವವರಿಗೆ ಉತ್ತರ ಇಲ್ಲಿದೆ.

ಹಾಗಾದರೆ ಇಂದಿನ ಕೋಣೆಗೆ ಹಿರಿಯರಿಂದ ದೊರೆಯುವುದೇನು? ಕೆಲಸದ ಅನುಕ್ರಮ. ಮೊದಲು ಹೊರಗಿನ ನೀರು: ಮಾಳಿಗೆಯ ನೀರು ಗೋಡೆಯಿಂದ ದೂರ ಬೀಳಬೇಕು, ಅಂಗಳ ಹೊರಕ್ಕೆ ಇಳಿಜಾರಾಗಿರಬೇಕು, ಬಚ್ಚಲಿನ ಇಂಗುಗುಂಡಿ ಬುನಾದಿಗೆ ಹತ್ತಿರವಿರಬಾರದು. ಅನಂತರ ಗೋಡೆ: ಜಲನಿರೋಧಕ ಲೇಪವನ್ನು ಮಣ್ಣು ತುಂಬುವ ಮೊದಲೇ ಹೊರಮೈಗೆ ಹಚ್ಚಿ, ಅದರ ಹೊರಗೆ ನೀರು ಸೋಸಿ ಹೋಗಲು ಜಲ್ಲಿಯ ಪದರ ಹಾಕಿಸಬೇಕು. ಒಳಗಿನಿಂದ ಬಣ್ಣ ಬಳಿದು ತೇವವನ್ನು ಗೆದ್ದವರನ್ನು ನಾನು ಕಂಡಿಲ್ಲ. ಕೊನೆಯದು ಗಾಳಿ. ಒಂದು ಕಿಂಡಿ ಕೆಳಗೆ, ಎದುರಿನ ಗೋಡೆಯಲ್ಲಿ ಇನ್ನೊಂದು ಮೇಲೆ. ಜಾಗವಿಲ್ಲದಿದ್ದರೆ ಗಾಳಿಯನ್ನು ಹೊರಕ್ಕೆಳೆಯುವ ಒಂದು ಫ್ಯಾನು. ಆದರೆ ಶ್ರಾವಣದಲ್ಲಿ ಜಡಿಮಳೆ ಹಿಡಿದಾಗ ಕಿಟಕಿಗಳನ್ನು ದಿನವಿಡೀ ತೆರೆದಿಡುವುದು ತಪ್ಪು. ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿ ಕಟ್ಟುವಂತೆ, ಹೊರಗಿನ ಬೆಚ್ಚನೆಯ ಹಸಿಗಾಳಿ ತಂಪಾದ ಗೋಡೆಯ ಮೇಲೆ ನೀರಾಗುತ್ತದೆ. ಮಾಗಿಯ ಒಣಗಾಳಿ ಬಂದಾಗ ಮನಸಾರೆ ತೆರೆಯಿರಿ.

ಇನ್ನೊಂದು ವಿನಂತಿ ಸಂಘದ ಹಿರಿಯ ಸದಸ್ಯರಿಗೆ. ತಮ್ಮ ತಮ್ಮ ಊರುಗಳಲ್ಲಿ ಯಾವ ಓಣಿಯಲ್ಲಿ, ಯಾರ ಮನೆಯ ಮುಂದೆ ಹಗೇವುಗಳಿದ್ದವು ಎಂಬುದು ಈಗ ಅವರ ನೆನಪಿನಲ್ಲಿ ಮಾತ್ರ ಇದೆ. ಬರಿದಾದ ಹಗೇವುಗಳ ಮೇಲೆ ಮಣ್ಣು ಎಳೆದು, ಅದರ ಮೇಲೆ ರಸ್ತೆ, ಮನೆಗಳು ಎದ್ದಿವೆ. ಮಳೆಯ ನೀರು ಆ ಪೊಳ್ಳಿಗೆ ಇಳಿದರೆ ಬುನಾದಿ ಕುಸಿಯುತ್ತದೆ. ಅಗೆಯುವಾಗ ಅಕಸ್ಮಾತ್ತಾಗಿ ಬಾಯಿ ತೆರೆದರೆ ಆಳುಗಳು ಕುತೂಹಲದಿಂದ ಇಳಿಯುತ್ತಾರೆ. ಒಂದು ಹಾಳೆಯ ಮೇಲೆ ಓಣಿಯ ನಕ್ಷೆ ಬರೆದು, ತಿಳಿದಷ್ಟು ಹಗೇವುಗಳನ್ನು ಗುರುತಿಸಿ, ಒಂದು ಪ್ರತಿಯನ್ನು ಸಂಘಕ್ಕೂ ಇನ್ನೊಂದನ್ನು ಗ್ರಾಮ ಪಂಚಾಯತಿಗೂ ಕೊಡಬೇಕು. ಮುಂದಿನ ಮಳೆಗಾಲದ ಮೊದಲೇ ಆದರೆ ಒಳ್ಳೆಯದು.