ಹಿಮ್ಮಡಿ ಒಡೆತಕ್ಕೆ ಮುರುಗಲು ತುಪ್ಪ

ಕರಾವಳಿಯ ಮನೆಗಳಲ್ಲಿ ತೆಂಗಿನೆಣ್ಣೆಗೆ ಬರ ಬಂದದ್ದು ಅಪರೂಪ. ತಲೆಗೆ, ಮೈಗೆ, ಅಡುಗೆಗೆ, ದೀಪಕ್ಕೆ ಎಲ್ಲಕ್ಕೂ ಅದೇ. ಆದರೆ ಹಿಮ್ಮಡಿ ಒಡೆದು ನೆಲಕ್ಕೆ ಕಾಲೂರುವುದೇ ಕಷ್ಟವಾದಾಗ, ಉತ್ತರ ಕನ್ನಡದಿಂದ ಗೋವೆ, ರತ್ನಾಗಿರಿಯವರೆಗಿನ ಜನ ಎಣ್ಣೆಯ ಕುಡಿಕೆಯನ್ನು ಬಿಟ್ಟು ಮುರುಗಲು ತುಪ್ಪದ ಗಟ್ಟಿಯನ್ನು ಹುಡುಕುತ್ತಿದ್ದರು. ತುಪ್ಪ ಅನ್ನುವುದು ಹೆಸರಿಗೆ ಮಾತ್ರ. ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ದಕ್ಷಿಣ ಕನ್ನಡದವರು ಪುನರ್ಪುಳಿ ಎಂದೂ ಮರಾಠಿಗರು ಕೋಕಂ ಎಂದೂ ಕರೆಯುವ ಹಣ್ಣಿನ ಬೀಜದ ಕೊಬ್ಬು ಇದು. ಬೇಸಿಗೆಯಲ್ಲಿ ಹಣ್ಣು ಬಿಡಿಸಿ ಸಿಪ್ಪೆಯನ್ನು ಸಾರಿಗೂ ಪಾನಕಕ್ಕೂ ಒಣಗಿಸಿಟ್ಟ ಮೇಲೆ ಉಳಿಯುವ ಬೀಜವನ್ನು ತೊಳೆದು ಬಿಸಿಲಿಗೆ ಹರವುತ್ತಾರೆ. ಗಲಗಲ ಒಣಗಿದ ಬೀಜವನ್ನು ಒರಳಲ್ಲಿ ಕುಟ್ಟಿ ನೀರಿಗೆ ಹಾಕಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು, ಆರುತ್ತ ಬಂದಾಗ ಅಂಗೈಯಲ್ಲಿ ಹಿಡಿದು ಒತ್ತಿದರೆ ಮೊಟ್ಟೆಯಾಕಾರದ, ಮಾಸಲು ಬಿಳಿಯ ಗಟ್ಟಿ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುವಷ್ಟು ಗಡಸು. ಬೀಜದ ತೂಕದಲ್ಲಿ ಕೊಬ್ಬು ಹೆಚ್ಚೆಂದರೆ ಕಾಲು ಭಾಗ. ಅಲ್ಲಲ್ಲಿ ಅಡುಗೆಗೂ ಇದು ಬಳಕೆಯಾದದ್ದುಂಟು. ಆದರೂ ಕೈಗೆಟಕುವಲ್ಲೇ ತಿಳಿಯಾದ ಎಣ್ಣೆ ಇರುವಾಗ ಹಿಮ್ಮಡಿಗೆ ಈ ಗಟ್ಟಿಯೇ ಬೇಕು ಅನ್ನಿಸಿದ್ದೇಕೆ?

ಉತ್ತರ ಅದು ಕರಗುವ ಬಿಸಿಯಲ್ಲಿದೆ. ತೆಂಗಿನೆಣ್ಣೆ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ; ಹಚ್ಚಿದ್ದು ಪಾದದ ಕಾವಿಗೆ ನೀರಾಗಿ ಹರಿದು ಅರ್ಧ ನೆಲಕ್ಕೆ, ಅರ್ಧ ಹಾಸಿಗೆಗೆ. ಮುರುಗಲು ತುಪ್ಪ ಕರಗಲು 40 ಡಿಗ್ರಿಯ ಆಸುಪಾಸು ಬೇಕು, ಏಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ. ಚಮಚದಲ್ಲಿ ಒಂದಿಷ್ಟು ಕೆರೆದು ಹಾಕಿ ದೀಪದ ಮೇಲೆ ಹಿಡಿದರೆ ಕರಗುತ್ತದೆ. ಉಗುರುಬೆಚ್ಚಗಿರುವಾಗಲೇ ಸೀಳಿನೊಳಕ್ಕೆ ಇಳಿಬಿಟ್ಟರೆ ತಳ ಮುಟ್ಟಿ, ನೋಡುನೋಡುತ್ತಿದ್ದಂತೆ ಮತ್ತೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಗೋಡೆಯ ಬಿರುಕಿಗೆ ಗಾರೆ ತುಂಬಿದ ಹಾಗೆ. ನಡೆದಾಡಿದರೂ ಬೇಗ ಜಾರಿ ಹೋಗದು. ಅಂದರೆ ಈ ಮದ್ದನ್ನು ಆರಿಸಿದವರು ಹುಡುಕುತ್ತಿದ್ದದ್ದು ಸೀಳಿನಲ್ಲಿ ನಿಲ್ಲುವ ವಸ್ತುವನ್ನು. ಗಾಯ ಮಾಯಿಸುವ ಯಾವುದೋ ವಿಶೇಷ ಗುಣ ಮುರುಗಲು ಬೀಜದಲ್ಲಿ ಇದೆಯೆಂಬ ನಂಬಿಕೆ ಆಮೇಲೆ ಸೇರಿಕೊಂಡಿರಬೇಕು. ನನ್ನ ವಾದ ಇಷ್ಟೇ: ಹಿಮ್ಮಡಿ ಒಡೆತದ ಮನೆಮದ್ದಿನ ಚರಿತ್ರೆಯಲ್ಲಿ ಊರಿಂದೂರಿಗೆ ಬದಲಾದದ್ದು ವಸ್ತು, ಬದಲಾಗದೆ ಉಳಿದದ್ದು ಕ್ರಮ. ಮೊದಲು ನೆನೆಸಿ ಮೆತ್ತಗೆ ಮಾಡುವುದು, ಆಮೇಲೆ ಸತ್ತ ಚರ್ಮವನ್ನು ತಿಕ್ಕಿ ತೆಗೆಯುವುದು, ಕೊನೆಗೆ ಜಿಡ್ಡಿನಿಂದ ಮುಚ್ಚುವುದು. ಮದ್ದು ಅನ್ನಬೇಕಾದದ್ದು ಆ ಕ್ರಮವನ್ನು.

ಹಳೆಯ ವೈದ್ಯಗ್ರಂಥಗಳಲ್ಲೂ ಇದೇ ಜಾಡು. ಸುಶ್ರುತಸಂಹಿತೆ ಹಿಮ್ಮಡಿ ಒಡೆತವನ್ನು ಪಾದದಾರಿ ಎಂದು ಕರೆದು ಕ್ಷುದ್ರರೋಗಗಳ ಸಾಲಿನಲ್ಲಿ ಇಟ್ಟಿದೆ. ಸದಾ ನಡೆಯುವವನ ಒಣಗಿದ ಅಂಗಾಲಿನಲ್ಲಿ ನೋವಿನ ಸೀಳು ಬೀಳುತ್ತದೆ ಎಂಬುದು ಅದರ ವಿವರಣೆ. ಚಿಕಿತ್ಸೆಯಲ್ಲಿ ಮೊದಲು ರಕ್ತ ತೆಗೆಯುವುದು, ಬಳಿಕ ಶಾಖ ಕೊಟ್ಟು ಎಣ್ಣೆ ತಿಕ್ಕುವುದು, ಆನಂತರ ಲೇಪ. ಲೇಪದ ಸಾಮಗ್ರಿಯನ್ನು ನೋಡಿ: ಜೇನುಮೇಣ, ಪ್ರಾಣಿಗಳ ವಸೆ ಮತ್ತು ಮಜ್ಜೆ, ರಾಳದ ಪುಡಿ, ತುಪ್ಪ, ಜೊತೆಗೆ ಜಾಜುಕಲ್ಲು. ಜೇನುಮೇಣ ಕರಗುವುದು 60 ಡಿಗ್ರಿ ದಾಟಿದ ಮೇಲೆ. ಬರೀ ಮೇಣ ಬಿರುಸು, ಬರೀ ತುಪ್ಪ ಸಡಿಲು. ಎರಡನ್ನೂ ಬೆರೆಸಿ ಅಂಟಿಗೆ ರಾಳ ಸೇರಿಸಿದರೆ ಮುರುಗಲು ತುಪ್ಪದಂಥದೇ ಹದ. ಮುರುಗಲು ಬೆಳೆಯದ ನಾಡಿನಲ್ಲಿ ಅದೇ ಕೆಲಸವನ್ನು ಮೂರು ನಾಲ್ಕು ವಸ್ತು ಕೂಡಿಸಿ ಮಾಡಿಕೊಂಡಿದ್ದರು, ಅಷ್ಟೆ. ಚರಕಸಂಹಿತೆಯ ಸೂತ್ರಸ್ಥಾನ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ದಿನವೂ ಪಾದಕ್ಕೆ ಎಣ್ಣೆ ತಿಕ್ಕಿಕೊಳ್ಳುವವನ ಕಾಲು ಒಡೆಯುವುದೇ ಇಲ್ಲ ಎನ್ನುತ್ತದೆ. ಪಾದರಕ್ಷೆ ಧರಿಸುವುದರ ಲಾಭವನ್ನೂ ಅದೇ ಅಧ್ಯಾಯದಲ್ಲಿ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಾದಾಭ್ಯಂಗ ಅರಸನ 20 ಉಪಭೋಗಗಳಲ್ಲಿ ಒಂದು, ಪಾದುಕೆ ಇನ್ನೊಂದು. ನಡೆದು ನಡೆದು ಕಾಲು ಒಡೆದುಕೊಳ್ಳುವ ಅಗತ್ಯ ಎಲ್ಲರಿಗಿಂತ ಕಡಿಮೆ ಇದ್ದವನ ಪಾದಕ್ಕೆ ಎಲ್ಲರಿಗಿಂತ ಹೆಚ್ಚು ಎಣ್ಣೆ!

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ವಾತದ ಪ್ರಕೋಪ, ರಕ್ತ ತೆಗೆಯುವುದು ಇವನ್ನೆಲ್ಲ ಬದಿಗೆ ಸರಿಸಿ ನಮಗೆ ಬೇಕಾದ ಮೇಣವನ್ನಷ್ಟೇ ಹೆಕ್ಕಿ, ನೋಡಿ ಅವರಿಗೆ ಎಲ್ಲ ಗೊತ್ತಿತ್ತು ಎನ್ನುವುದು ಚರಿತ್ರೆಯಲ್ಲ, ಹೊಗಳಿಕೆ. ಅದನ್ನು ಒಪ್ಪುತ್ತೇನೆ. ಅವರಿಗೆ ಎಲ್ಲ ಗೊತ್ತಿರಲಿಲ್ಲ. ಸಿದ್ಧಾಂತ ಒಂದು ದಾರಿ ಹಿಡಿದು, ಕೈಯ ಅನುಭವ ಇನ್ನೊಂದು ದಾರಿ ಹಿಡಿದು ಹೊರಟ ಎಷ್ಟೋ ಉದಾಹರಣೆಗಳು ವೈದ್ಯದ ಚರಿತ್ರೆಯಲ್ಲಿವೆ, ಇದೂ ಅಂಥದೇ. ಕೈಯ ಅನುಭವಕ್ಕೆ ಸಾಕ್ಷಿ ಸಿಕ್ಕಿದ್ದು 1952ರಲ್ಲಿ. ಅಮೆರಿಕದ ಅರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಅಂಗಾಲಿನಿಂದ ಕತ್ತರಿಸಿದ ಜಡ್ಡುಗಟ್ಟಿದ ಚರ್ಮದ ತುಣುಕುಗಳನ್ನು ಒಣಗಿಸಿ ಪರೀಕ್ಷಿಸಿದರು. ಒಣಗಿ ಬಿರುಸಾದ ತುಣುಕನ್ನು ಎಣ್ಣೆಯಲ್ಲಿ ಅದ್ದಿಟ್ಟರೆ ಅದು ಬಿರುಸಾಗಿಯೇ ಉಳಿಯಿತು. ನೀರು ಹೀರಿದಾಗ ಮಾತ್ರ ಬಾಗುವಷ್ಟು ಮೆತ್ತಗಾಯಿತು. ಚರ್ಮವನ್ನು ಮೃದುವಾಗಿಸುವುದು ನೀರು. ಜಿಡ್ಡು ಆ ನೀರು ಆರಿಹೋಗದಂತೆ ತಡೆಯುತ್ತದೆ. ಅಂಗಾಲಿನಲ್ಲಿ ಜಿಡ್ಡು ಒಸರುವ ಗ್ರಂಥಿಗಳೇ ಇಲ್ಲದಿರುವುದರಿಂದ ಅದನ್ನು ಹೊರಗಿನಿಂದಲೇ ಕೊಡಬೇಕು. ದಪ್ಪಗಟ್ಟಿ ಒಣಗಿದ ಹಿಮ್ಮಡಿಯ ಮೇಲೆ ಮೈಭಾರ ಬಿದ್ದಾಗ ಒಳಗಿನ ಮೆತ್ತನೆಯ ಭಾಗ ಅಗಲಕ್ಕೆ ಹರಡುತ್ತದೆ. ಅದರೊಡನೆ ಹಿಗ್ಗಲಾರದ ಹೊರಪದರ ಅಂಚಿನಲ್ಲಿ ಸೀಳುತ್ತದೆ. ಒಣ ಹಿಮ್ಮಡಿಗೆ ಎಷ್ಟು ಎಣ್ಣೆ ಬಳಿದರೂ ಗುಣ ಕಾಣಲಿಲ್ಲ ಎಂಬ ದೂರಿಗೆ ಕಾರಣ ಇಲ್ಲಿದೆ. ತಪ್ಪು ಎಣ್ಣೆಯದಲ್ಲ, ಬಿಟ್ಟುಹೋದ ಬಿಸಿನೀರಿನದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಮದ್ದಿನ ಚರಿತ್ರೆ ಬರೆಯುವವರು ಕಾಯಿಲೆಯ ಚರಿತ್ರೆಯನ್ನು ಮರೆಯುತ್ತಾರೆ ಎಂಬುದು ಅದು. ಕಾಲು ಒಡೆಯುತ್ತಿದ್ದದ್ದು ಬರಿಗಾಲಲ್ಲಿ ನಡೆಯುತ್ತಿದ್ದವರದು. ಗದ್ದೆಯ ಕೆಸರಿನಲ್ಲಿ ದಿನವಿಡೀ ನೆನೆದು, ಸಂಜೆ ಒಣಗಿ, ಮರುದಿನ ಮತ್ತೆ ನೆನೆಯುವ ಕಾಲು. ಬಯಲುಸೀಮೆಯ ಕಾದ ನೆಲ ತುಳಿದ ಕಾಲು. ಚಪ್ಪಲಿ ಕೊಳ್ಳಲು ಕಾಸಿಲ್ಲದ್ದು ಒಂದು ಕಾರಣವಾದರೆ, ಕಾಸಿದ್ದರೂ ಮೇಲ್ಜಾತಿಯವರ ಕೇರಿಯಲ್ಲಿ ಮೆಟ್ಟಿಕೊಂಡು ನಡೆಯುವಂತಿಲ್ಲ ಎಂಬ ಕಟ್ಟುಪಾಡು ದಲಿತರ ಮೇಲಿದ್ದದ್ದು ಇನ್ನೊಂದು. ಚಪ್ಪಲಿ ಹೊಲಿಯುವವರೇ ಚಪ್ಪಲಿ ಮೆಟ್ಟಬಾರದೆಂಬ ನಾಡಿನಲ್ಲಿ ಹಿಮ್ಮಡಿ ಒಡೆತವನ್ನು ಬರೀ ಚರ್ಮದ ಒಣಗುವಿಕೆ ಎನ್ನಲಾಗದು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಮಾತು ಸೇರಿಸಬಲ್ಲೆ. ಜೇನುಮೇಣ, ಮಜ್ಜೆ, ತುಪ್ಪದ ಲೇಪ ಉಳ್ಳವರದು ಎನ್ನಬಹುದು, ಪಾದಾಭ್ಯಂಗವಂತೂ ಅರಸರದು. ಮುರುಗಲು ತುಪ್ಪ ಹಾಗಲ್ಲ. ಅದು ಸಿಪ್ಪೆ ಬಿಡಿಸಿದ ಮೇಲೆ ಎಸೆಯುವ ಬೀಜದಿಂದ ಬಂದದ್ದು. ಮರ ಕಾಡಿನದು, ಸೌದೆ ಕಾಡಿನದು, ಖರ್ಚಾಗುವುದು ಹೆಂಗಸರ ದುಡಿಮೆ. ಬಯಲುಸೀಮೆಯಲ್ಲಿ ಹರಳೆಣ್ಣೆಗೂ ಇಂಥದೇ ಸ್ಥಾನ. ಅದು ಗಟ್ಟಿಯಾಗದಿದ್ದರೂ ಅಂಟಂಟಾಗಿ ನಿಲ್ಲುತ್ತದೆ. ನೆನೆಸಿ ತಿಕ್ಕುವುದಕ್ಕೂ ದುಡ್ಡು ಬೇಡ. ಒಲೆಯ ಮೇಲಿನ ಹಂಡೆಯ ಬಿಸಿನೀರು, ಬಚ್ಚಲಿನ ಒರಟು ಕಲ್ಲು ಸಾಕು. ಬೇಕಾದದ್ದು ಕೂರಲು ಅರ್ಧ ಗಂಟೆ; ಕೂಲಿಯ ಮನೆಯಲ್ಲಿ ದುಬಾರಿ ಅದೇ ಇತ್ತೇನೋ.

ಹೀಗೆ ತಿಕ್ಕುವ ಸಾಧನವೂ ಹಳೆಯದೇ. ತಕ್ಷಶಿಲೆಯಂಥ ನೆಲೆಗಳ ಅಗೆತದಲ್ಲಿ ಗೆರೆ ಕೊರೆದು ಒರಟು ಮಾಡಿದ ಸುಟ್ಟಮಣ್ಣಿನ ಮೈತಿಕ್ಕುಗಳು ಸಿಕ್ಕಿವೆ. ಅವು ಹಿಮ್ಮಡಿಗೆಂದೇ ಮಾಡಿದವೆಂದು ಹಟ ಹಿಡಿಯಲಾರೆ, ಆದರೆ ಹಿಮ್ಮಡಿಯನ್ನು ಬಿಟ್ಟು ಮಿಕ್ಕ ಮೈಯನ್ನು ತಿಕ್ಕಿದರೆಂದು ನಂಬುವುದೂ ಕಷ್ಟ.

ಎಲ್ಲ ಒಡೆತವೂ ಒಂದೇ ಅಲ್ಲ ಎಂಬ ಎಚ್ಚರವೂ ಹಳಬರಿಗೆ ಇತ್ತು. ಕೈಕಾಲು ಎರಡೂ ಒಡೆದು ತೀವ್ರ ನೋವು ಕೊಡುವುದನ್ನು ಚರಕ ವಿಪಾದಿಕೆ ಎಂದು ಚರ್ಮರೋಗಗಳ ಜೊತೆ ಸೇರಿಸಿ, ಬೇರೆ ಔಷಧ ಹೇಳಿದ. ಆ ಔಷಧಕ್ಕೂ ಕೊನೆಯಲ್ಲಿ ರಾಳ, ಜೇನುಮೇಣ ಬೀಳುತ್ತವೆ ಎಂಬುದು ಬೇರೆ ಮಾತು. ಇವತ್ತು ನಾವು ಸೋರಿಯಾಸಿಸ್, ಎಸ್ಜಿಮಾ, ಶಿಲೀಂಧ್ರದ ಸೋಂಕು ಎನ್ನುವಂಥವು ಆ ಗುಂಪಿನಲ್ಲಿ ಇದ್ದಿರಬಹುದು. ಅವಕ್ಕೆ ಬರೀ ಜಿಡ್ಡು ಸಾಲದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗಂತೂ ಚಮಚದಲ್ಲಿ ಕಾಯಿಸಿದ ತುಪ್ಪವೇ ಅಪಾಯ. ಸುಟ್ಟದ್ದು ಅವರಿಗೆ ಗೊತ್ತಾಗದು. ಬ್ಲೇಡಿನಿಂದ ಹೆರೆಯುವುದೂ ಅಷ್ಟೇ. ರಕ್ತ, ಕೀವು ಕಂಡರೆ ಅದು ಮನೆಮದ್ದಿನ ಗಡಿ ದಾಟಿತೆಂದೇ ಲೆಕ್ಕ.

19ನೆಯ ಶತಮಾನದಲ್ಲಿ ಮುರುಗಲು ತುಪ್ಪ ಯುರೋಪಿನ ಔಷಧಶಾಸ್ತ್ರದ ಕಣ್ಣಿಗೂ ಬಿತ್ತು. ಫ್ಲೂಕಿಗರ್ ಮತ್ತು ಹ್ಯಾನ್‌ಬರಿ 1874ರಲ್ಲಿ ಪ್ರಕಟಿಸಿದ ‘ಫಾರ್ಮಕೋಗ್ರಾಫಿಯಾ’ದಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಅದೇ ಹೊತ್ತಿಗೆ, 1872ರಲ್ಲಿ, ಅಮೆರಿಕದಲ್ಲಿ ವ್ಯಾಸಲೀನಿಗೆ ಪೇಟೆಂಟು ಸಿಕ್ಕಿತ್ತು. ನೆಲದೆಣ್ಣೆಯಿಂದ ಬಂದ, ವಾಸನೆಯಿಲ್ಲದ, ಡಬ್ಬಿಯಿಂದ ನೇರ ಹಚ್ಚಬಹುದಾದ ಜಿಡ್ಡು ಅಂಗಡಿಗೆ ಬಂದ ಮೇಲೆ ಒರಳು ಹಿಡಿಯುವವರು ಕಡಿಮೆಯಾದದ್ದು ಸಹಜ, ತಪ್ಪೂ ಅಲ್ಲ. ನೀರನ್ನು ತಡೆದಿಡುವುದರಲ್ಲಿ ವ್ಯಾಸಲೀನು ಯಾವ ತುಪ್ಪಕ್ಕೂ ಕಡಿಮೆಯಿಲ್ಲ. ಮೇಣದಬತ್ತಿಯ ಚೂರನ್ನು ಎಣ್ಣೆಯಲ್ಲಿ ಕರಗಿಸಿ ಹಚ್ಚುವ ಇತ್ತೀಚಿನ ಮನೆಮದ್ದಿನಲ್ಲಿ ಜೇನುಮೇಣದ ಜಾಗಕ್ಕೆ ಪ್ಯಾರಫಿನ್ ಬಂದು ಕೂತಿದೆ. ಮುರುಗಲು ತುಪ್ಪವೋ ಹಿಮ್ಮಡಿ ಬಿಟ್ಟು ಬಹುದೂರ ಹೋಯಿತು: ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಶೇ. 5ರವರೆಗೆ ಬಳಸಬಹುದೆಂದು ಯುರೋಪಿಯನ್ ಒಕ್ಕೂಟ 2000ರಲ್ಲಿ ಒಪ್ಪಿದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಅದೂ ಒಂದು.

ಕ್ರಮ ಮಾತ್ರ ಅಚ್ಚಳಿಯದೆ ಉಳಿದದ್ದು ಕುಷ್ಠರೋಗ ಚಿಕಿತ್ಸೆಯಲ್ಲಿ. ವೆಲ್ಲೂರಿನಲ್ಲಿ 1946ರಿಂದ ಕೆಲಸ ಮಾಡಿದ ಪಾಲ್ ಬ್ರ್ಯಾಂಡ್, ರೋಗಿಗಳ ಕೈಕಾಲು ಕೆಡಲು ಮುಖ್ಯ ಕಾರಣ ನೋವೇ ತಿಳಿಯದ ಸ್ಥಿತಿ ಎಂದು ತೋರಿಸಿಕೊಟ್ಟರು. ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಒಂದು ಬಿರುಕು ಸಾಕು, ಹುಣ್ಣಾಗಲು. ಅಂಥವರಿಗೆ ಇವತ್ತಿಗೂ ಹೇಳಿಕೊಡುವ ಪಾಠ ಇದು: ದಿನವೂ ಅರ್ಧ ಗಂಟೆ ಬೋಗುಣಿಯ ತಣ್ಣೀರಿನಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಪಾದದ ಪಸೆ ಆರುವ ಮೊದಲೇ ಎಣ್ಣೆ ಹಚ್ಚಿ. ಬೆಚ್ಚನೆ ನೀರು ಬೇಡ, ಬಿಸಿ ಹೆಚ್ಚಾದರೆ ಆ ಕಾಲಿಗೆ ತಿಳಿಯುವುದಿಲ್ಲ. ಎಣ್ಣೆ ಮನೆಯಲ್ಲಿ ಯಾವುದಿದ್ದರೆ ಅದು.